ಸಣ್ಣ ದುಡ್ಡಿಗೂ ಒಂದು ಮನೆ ಬೇಕು

ಮಗಳೇ,

ಚೌತಿಗೆ ಊರಿಗೆ ಬಂದವಳು ಜಗಲಿಯ ಮೂಲೆಯಲ್ಲಿ ಕೂತು ಮೊಬೈಲಿನ ಮೇಲೆ ಬೆರಳು ತಿಕ್ಕುತ್ತಿದ್ದೆ. ಏನದು ಎಂದು ಕೇಳಿದೆ. ‘ದೊಡ್ಡಮ್ಮ, ಸ್ಕ್ರ್ಯಾಚ್ ಕಾರ್ಡ್. ನೋಡಿ, ಹನ್ನೊಂದು ರೂಪಾಯಿ ಬಂತು’ ಎಂದು ಪರದೆ ತೋರಿಸಿದೆ. ನಿನ್ನ ಮುಖದಲ್ಲಿದ್ದ ಆ ಖುಷಿ ನನಗೆ ಹೊಸತಲ್ಲ. ಉಡುಪಿಯ ಬೀದಿಬೀದಿ ಅಲೆದು ಮೂವತ್ತೊಂದು ವರ್ಷ ಪಿಗ್ಮಿ ಕಲೆಕ್ಷನ್ ಮಾಡಿದವಳು ನಾನು. ಹತ್ತು, ಇಪ್ಪತ್ತು ರೂಪಾಯಿಯ ಖುಷಿ ಹೇಗಿರುತ್ತದೆ ಎಂದು ಸಾವಿರಾರು ಮುಖಗಳಲ್ಲಿ ಕಂಡಿದ್ದೇನೆ. ಆದರೆ ಆ ಜನ ಖುಷಿಪಡುತ್ತಿದ್ದದ್ದು ದುಡ್ಡನ್ನು ನನ್ನ ಕೈಗಿಟ್ಟು ಪುಸ್ತಕದಲ್ಲಿ ಬರೆಸಿಕೊಳ್ಳುವಾಗ. ನೀನು ಖುಷಿಪಟ್ಟದ್ದು ದುಡ್ಡು ಬಂದಾಗ. ಬಂದ ಹನ್ನೊಂದು ರೂಪಾಯಿ ಆಮೇಲೆ ಎಲ್ಲಿಗೆ ಹೋಯಿತು ಎಂದು ಕೇಳಿದರೆ ನಿನಗೆ ಗೊತ್ತಿರಲಿಲ್ಲ.

ಆವತ್ತು ಮನೆತುಂಬ ನೆಂಟರು. ಕಡುಬಿನ ಒಲೆ ಬಿಟ್ಟು ಮಾತಾಡುತ್ತ ಕೂರಲು ಆಗಲಿಲ್ಲ. ಬರೆದರೆ ಎರಡು ಸಲ ಓದುತ್ತಿ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ನಿನ್ನ ಓರಗೆಯ ಬೇರೆ ಮಕ್ಕಳೂ ಓದಿದರೆ ಓದಲಿ.

ಮರುದಿನ ಬೆಳಿಗ್ಗೆ ಇಬ್ಬರೂ ಕೂತು ನಿನ್ನ ಮೊಬೈಲಿನ ಒಂದು ತಿಂಗಳ ಲೆಕ್ಕ ತೆಗೆದದ್ದು ನೆನಪಿದೆಯಲ್ಲ? ಇಪ್ಪತ್ತಮೂರು ಕಾರ್ಡುಗಳು. ಅದರಲ್ಲಿ ಒಂಬತ್ತರಲ್ಲಿ ಮಾತ್ರ ದುಡ್ಡು, ಎಲ್ಲ ಕೂಡಿಸಿದರೆ 71 ರೂಪಾಯಿ. ಉಳಿದ ಹದಿನಾಲ್ಕೂ ಕೂಪನ್. ಇಷ್ಟರ ಮೇಲೆ ಕೊಂಡರೆ ಇಷ್ಟು ಕಡಿತ, ಅದೂ ಇಂಥ ದಿನದೊಳಗೆ. ಒಂದು ಕೂಪನ್ ಹಾಳಾಗಬಾರದೆಂದು ನೀನು 649 ರೂಪಾಯಿಯ ಮುಖದ ಕ್ರೀಮು ತರಿಸಿದ್ದೆ. ಅದು ಬೇಕಿತ್ತಾ ಎಂದರೆ ‘ಇರಲಿ ಅಂತ ತಗೊಂಡೆ’ ಎಂದೆ. ಆಮೇಲೆ ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತರುವ ಆ್ಯಪು. ಸಾಗಾಟದ ಹಣ ಉಳಿಸಲು ಪ್ರತಿ ಸಲವೂ ಒಂದು ಚಿಪ್ಸೋ ಚಾಕಲೇಟೋ ಸೇರಿಸಿ ಬಿಲ್ಲನ್ನು ಅವರು ಹೇಳಿದ ಮೊತ್ತಕ್ಕೆ ಮುಟ್ಟಿಸಿದ್ದೆ. ಆರು ಸಲಕ್ಕೆ 270 ರೂಪಾಯಿ. 71 ರೂಪಾಯಿ ಒಳಗೆ ಬರುವಷ್ಟರಲ್ಲಿ 919 ರೂಪಾಯಿ ಹೊರಗೆ ನಡೆದಿತ್ತು. ನಿನ್ನನ್ನು ಗದರಲು ಈ ಲೆಕ್ಕ ಹೇಳುತ್ತಿಲ್ಲ. ಇದೇ ಲೆಕ್ಕವನ್ನು ನಿನ್ನ ಅಮ್ಮ, ಚಿಕ್ಕಪ್ಪ ಯಾರ ಮೊಬೈಲು ತೆಗೆದು ಹಾಕಿದರೂ ಹೆಚ್ಚುಕಡಿಮೆ ಹೀಗೇ ಬರುತ್ತದೆ.

ಈ ಬಹುಮಾನದ ದುಡ್ಡು ಯಾರದು ಎಂಬುದನ್ನು ಮೊದಲು ತಿಳಿದುಕೋ. ಯುಪಿಐ ಬಂದದ್ದು 2016ರಲ್ಲಿ. ಮರುವರ್ಷ ಗೂಗಲ್‌ನವರ ತೇಜ್ ಬಂತು, ಅದೇ ಈಗಿನ ಗೂಗಲ್ ಪೇ. ಜನಕ್ಕೆ ಆಗ ಮೊಬೈಲಿನಿಂದ ದುಡ್ಡು ಕಳಿಸಲು ಹೆದರಿಕೆ. ಆ ಹೆದರಿಕೆ ಬಿಡಿಸಿ ರೂಢಿ ಮಾಡಿಸಲು ಕಂಪನಿಗಳು ಕೈಯಿಂದಲೇ ದುಡ್ಡು ಹಾಕಿದವು. ಪರಿಚಯದವರನ್ನು ಸೇರಿಸಿದರೂ ಬಹುಮಾನ, ಹತ್ತು ರೂಪಾಯಿ ಕಳಿಸಿದರೂ ಬಹುಮಾನ. ರೂಢಿಯಾದ ಮೇಲೆ ಕೈ ಹಿಂದೆ ತೆಗೆದರು. ಈಗ ಬರುವ ಕಾರ್ಡುಗಳಲ್ಲಿ ಹೆಚ್ಚಿನವು ಯಾವುದೋ ಅಂಗಡಿಯ ಜಾಹೀರಾತು. ಕ್ಯಾಶ್‌ಬ್ಯಾಕ್ ಆ್ಯಪುಗಳದ್ದೂ ಹೀಗೇ. ಅವರ ಲಿಂಕಿನ ಮೂಲಕ ನೀನು ಅಂಗಡಿಗೆ ಹೋದರೆ ಗಿರಾಕಿ ತಂದುಕೊಟ್ಟದ್ದಕ್ಕೆ ಅಂಗಡಿಯವನು ಅವರಿಗೆ ಕಮಿಷನ್ ಕೊಡುತ್ತಾನೆ. ಅದರಲ್ಲೊಂದು ಪಾಲು ನಿನಗೆ. ವಸ್ತು ವಾಪಸು ಮಾಡುವ ಅವಧಿ ಮುಗಿಯುವವರೆಗೆ ಅದು ‘ಪೆಂಡಿಂಗ್’ ಎಂದೇ ತೋರಿಸುತ್ತಿರುತ್ತದೆ. ಇದರಲ್ಲಿ ಮೋಸವಿಲ್ಲ, ವ್ಯಾಪಾರವಿದೆ. ವ್ಯಾಪಾರ ಎಂದು ತಿಳಿದು ವ್ಯವಹರಿಸಿದರೆ ನಷ್ಟವಿಲ್ಲ. ಅದೃಷ್ಟ ಎಂದುಕೊಂಡರೆ ನಷ್ಟ.

ಅಂಗಡಿಗಳು ಗೆರೆ ದಾಟಿದ್ದೂ ಉಂಟು. ನೀನು ಆರಿಸದ ವಸ್ತುವನ್ನು ಬುಟ್ಟಿಗೆ ಸೇರಿಸಿಬಿಡುವುದು, ‘ಇನ್ನೆರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೊನೆಯ ಪುಟದಲ್ಲಿ ಹೊಸ ಶುಲ್ಕ ತೋರಿಸುವುದು. ಇಂಥ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ನಿಷೇಧ ಬಂದಿತೆಂದು ಕಣ್ಣು ಮುಚ್ಚಿಕೊಳ್ಳಬೇಡ. ದುಡ್ಡು ಕೊಡುವ ಮುಂಚೆ ಬಿಲ್ಲಿನ ಒಂದೊಂದು ಸಾಲನ್ನೂ ಓದು.

ಕ್ರೆಡಿಟ್ ಕಾರ್ಡಿನ ಪಾಯಿಂಟು ಕೂಡ ಒಂದು ಮಾತು ಬೇಡುತ್ತದೆ. ಸಾಮಾನ್ಯ ಕಾರ್ಡಿನಲ್ಲಿ ಒಂದು ಪಾಯಿಂಟಿಗೆ ಇಪ್ಪತ್ತು, ಇಪ್ಪತ್ತೈದು ಪೈಸೆ ಸಿಕ್ಕಿದರೆ ಹೆಚ್ಚು. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿ ಉಳಿದದ್ದನ್ನು ಮುಂದೂಡಿದೆಯೋ, ಆ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರೂವರೆಯ ಆಸುಪಾಸು ಬಡ್ಡಿ. ವರ್ಷಕ್ಕೆ ನಲವತ್ತು ದಾಟುತ್ತದೆ. ಮೀನು ಮಾರುಕಟ್ಟೆಯ ಹೆಂಗಸರಿಗೆ ಬಡ್ಡಿಗೆ ಕೊಡುತ್ತಿದ್ದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಲೆಕ್ಕಕ್ಕೆ ಇದೂ ಅದೇ ಜಾತಿಯದು.

ಇಷ್ಟೆಲ್ಲ ಹೇಳಿದ್ದು ಬಹುಮಾನವನ್ನು ಮುಟ್ಟಲೇಬೇಡ ಎನ್ನುವುದಕ್ಕಲ್ಲ. ಕರೆಂಟ್ ಬಿಲ್ಲು, ಮೊಬೈಲ್ ರೀಚಾರ್ಜು, ಬಸ್ ಟಿಕೆಟ್ಟು ಹೇಗೂ ಕಟ್ಟಲೇಬೇಕು. ಕಟ್ಟುವಾಗ ಐದೋ ಹತ್ತೋ ತಾನಾಗಿ ಬಂದರೆ ಧಾರಾಳ ತೆಗೆದುಕೋ. ಏನು ಕೊಳ್ಳಬೇಕು, ಯಾವಾಗ ಕೊಳ್ಳಬೇಕು ಎಂಬುದನ್ನು ಮಾತ್ರ ಕಾರ್ಡಿಗೆ ಬಿಡಬೇಡ.

ಈಗ ಪಿಗ್ಮಿಯ ಕಥೆ. ನಿನಗೆ ಈ ಪದ ಗೊತ್ತು, ಅದರ ಹಿಂದಿನದು ಗೊತ್ತಿರಲಾರದು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ ಒಂದು ಬ್ಯಾಂಕು ಕಟ್ಟಿದರು. ಈ ಕಡೆಯ ಕೈಮಗ್ಗದ ನೇಕಾರರ ಕಷ್ಟಕ್ಕೆ ಒದಗಬೇಕೆಂಬುದು ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 1928ರಲ್ಲಿ ಅವರು ಪಿಗ್ಮಿ ಯೋಜನೆ ತಂದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಾನೆ. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವರ ಹೆಸರಲ್ಲಿ ಆ ಕಾಲದಲ್ಲಿ ಅದು ಸಣ್ಣ ಗಂಟಲ್ಲ. ಆಮೇಲೆ ಎಷ್ಟೋ ಬ್ಯಾಂಕುಗಳು, ಸಹಕಾರಿ ಸಂಘಗಳು ಇದೇ ದಾರಿ ಹಿಡಿದವು. ಇಂದಿಗೂ ನಮ್ಮ ರಾಜ್ಯದ ಪೇಟೆ ಪೇಟೆಯಲ್ಲಿ ಸಂಜೆ ಹೊತ್ತು ಹೆಗಲಿಗೆ ಚೀಲ ಹಾಕಿಕೊಂಡು ಅಂಗಡಿ ಅಂಗಡಿ ಹತ್ತುವ ಪಿಗ್ಮಿಯವರು ಕಾಣುತ್ತಾರೆ.

ಎರಡಾಣೆಗಾಗಿ ಒಬ್ಬ ಮನುಷ್ಯನನ್ನು ಮನೆಬಾಗಿಲಿಗೆ ಯಾಕೆ ಕಳಿಸಿದರು ಎಂದು ಯೋಚಿಸಿದ್ದೀಯಾ? ಸಣ್ಣ ದುಡ್ಡು ಸಂಜೆಯವರೆಗೆ ನಿಲ್ಲುವುದಿಲ್ಲ. ಸಾವಿರ ರೂಪಾಯಿಗೆ ತಾನಾಗಿಯೇ ಒಂದು ಜಾಗ ಸಿಗುತ್ತದೆ. ಹತ್ತು ರೂಪಾಯಿಗೆ ನಾವೇ ಜಾಗ ಮಾಡಿಕೊಡಬೇಕು, ಅದೂ ಬಂದ ದಿನವೇ. ಬಾಗಿಲಲ್ಲಿ ನಾನು ನಿಂತರೆ ಅದಕ್ಕೊಂದು ಜಾಗ ಸಿಕ್ಕಿತು. ನಿನಗೆ ಹೇಳಬೇಕೆಂದಿರುವುದೂ ಅದನ್ನೇ. ಉಳಿದದ್ದೆಲ್ಲ ಅದರ ಸುತ್ತಲಿನ ಮಾತು.

ಶಂಕರಪುರದ ಕಡೆ ನನ್ನ ಗಿರಾಕಿ ಒಬ್ಬಳಿದ್ದಳು. ಹೆಸರು ಬೇಡ, ಮಲ್ಲಿಗೆಯ ಅಕ್ಕ ಎನ್ನೋಣ. ಮನೆಯ ಹಿಂದೆ ಮಲ್ಲಿಗೆ ಗಿಡಗಳು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಕೊಡಬೇಕು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಕ್ಕೊಂದು. ಮದುವೆಯ ಕಾಲದಲ್ಲಿ ಅಟ್ಟೆಗೆ ಸಾವಿರ ದಾಟುತ್ತದೆ, ಕೆಲವು ದಿನ ನೂರಕ್ಕೂ ಕೇಳುವವರಿಲ್ಲ. ಇಂಥ ಸಂಪಾದನೆಯಲ್ಲಿ ಯಾರಾದರೂ ‘ದರ ಬಂದಾಗ ಕಟ್ಟುತ್ತೇನೆ’ ಎನ್ನುತ್ತಾರೆ. ಅವಳು ಹಾಗೆನ್ನಲಿಲ್ಲ. ದರ ಏರಿದ ದಿನ ನೂರು, ಇಳಿದ ದಿನ ಹತ್ತು. ಆಷಾಢದ ಒಂದು ದಿನ ಜಡಿಮಳೆಯಲ್ಲಿ ನಾನು ಹೋದಾಗ ಕೈಯಲ್ಲಿ ಏನೂ ಇರಲಿಲ್ಲ. ಅಕ್ಕಿ ಡಬ್ಬಿಯ ತಳ ತಡಕಿ ಎರಡು ರೂಪಾಯಿಯ ನಾಣ್ಯ ತಂದು, ‘ಬರೆಯಿರಿ ಅಕ್ಕ, ಖಾಲಿ ಬಿಡಬೇಡಿ’ ಎಂದಳು. ಎರಡು ರೂಪಾಯಿಗೆ ರಸೀದಿ ಬರೆಯುವ ಪದ್ಧತಿ ನಮ್ಮ ಸಹಕಾರ ಸಂಘದಲ್ಲಿ ಇರಲಿಲ್ಲ. ನನ್ನ ಎಂಟು ಸೇರಿಸಿ ಹತ್ತು ಎಂದು ಬರೆದೆ. ಮರುದಿನ ಆ ಎಂಟನ್ನು ನನಗೆ ಕೊಟ್ಟ ಮೇಲೆಯೇ ಅವತ್ತಿನ ಪಿಗ್ಮಿ ಕೊಟ್ಟಳು. ಅವಳ ಪುಸ್ತಕದ ಹಾಳೆಗಳ ಮೇಲೆ ಒದ್ದೆ ಬೆರಳಿನ ಗುರುತು ಇರುತ್ತಿತ್ತು, ತೆರೆದರೆ ಮಲ್ಲಿಗೆಯ ವಾಸನೆ. ಮಗಳ ನರ್ಸಿಂಗ್ ಕೋರ್ಸಿನ ಮೊದಲ ವರ್ಷದ ಫೀಸು ಆ ಪುಸ್ತಕದಿಂದ ಹೋಯಿತು.

ನಿನ್ನ ಕ್ಯಾಶ್‌ಬ್ಯಾಕಿಗೂ ಮಲ್ಲಿಗೆಯ ದರಕ್ಕೂ ಒಂದು ಹೋಲಿಕೆ ಇದೆ. ಎರಡೂ ನಮ್ಮ ಕೈಯಲ್ಲಿಲ್ಲ. ಬಂದದ್ದನ್ನು ಅದೇ ದಿನ ಕಟ್ಟುವುದು ಮಾತ್ರ ನಮ್ಮ ಕೈಯಲ್ಲಿದೆ.

ಮಲ್ಲಿಗೆಯ ಅಕ್ಕನ ಮನೆಗೆ ಬಂದ ಕಷ್ಟವನ್ನೂ ಹೇಳಬೇಕು. ಆ ತಾಯಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ‘ಬರೆಯಿರಿ, ಇನ್ನೊಬ್ಬರ ಮಕ್ಕಳಾದರೂ ಉಳಿಯಲಿ’ ಎಂದಳು.

2023ರ ಮಳೆಗಾಲ. ಅವಳ ಮಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದ. ವಾಟ್ಸಾಪಿಗೆ ಒಂದು ಸಂದೇಶ ಬಂತು: ಮನೆಯಲ್ಲೇ ಕೂತು ವಿಡಿಯೋಗಳಿಗೆ ಲೈಕ್ ಒತ್ತಿ, ಒಂದಕ್ಕೆ 50 ರೂಪಾಯಿ. ಮೂರು ಒತ್ತಿದ, 150 ರೂಪಾಯಿ ಖಾತೆಗೆ ನಿಜವಾಗಿಯೂ ಬಂತು. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿದರು. ಅಲ್ಲಿ ನೂರಾರು ಜನ, ‘ಇವತ್ತು ಎಂಟು ಸಾವಿರ ಬಂತು ಮೇಡಂ, ಥ್ಯಾಂಕ್ಸ್’ ಎಂದು ಗಳಿಗೆಗೊಂದು ಚಿತ್ರ ಹಾಕುತ್ತಿದ್ದರು. ಆ ನೂರಾರು ಜನರೂ ಅವರ ಕಡೆಯವರೇ ಎಂದು ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಸಾವಿರ ಕಟ್ಟು, ಸಾವಿರದ ಮುನ್ನೂರು ಕೊಡುತ್ತೇವೆ ಎಂದರು. ಕೊಟ್ಟರು. ಐದು ಸಾವಿರ ಕಟ್ಟಿಸಿಕೊಂಡರು, ಈ ಸಲ ಕೊಡಲಿಲ್ಲ. ಟಾಸ್ಕಿನಲ್ಲಿ ಇನ್ನೊಂದು ಹಂತ ಇದೆ, ಹನ್ನೆರಡು ಸಾವಿರ ಹಾಕಿದರೆ ಎಲ್ಲ ಒಟ್ಟಿಗೆ ಬರುತ್ತದೆ ಎಂದರು. ಅದನ್ನೂ ಹಾಕಿದ. ನೀನು ತಪ್ಪು ಗುಂಡಿ ಒತ್ತಿದೆ, ನಿನ್ನಿಂದ ಇಡೀ ಗುಂಪಿನ ದುಡ್ಡು ನಿಂತಿದೆ, ಸರಿಪಡಿಸಲು ಇಪ್ಪತ್ತೊಂದು ಸಾವಿರ ಬೇಕು ಎಂದರು. ಫೀಸು ಎಂದು ಸುಳ್ಳು ಹೇಳಿ ತಾಯಿಯಿಂದ ಪಿಗ್ಮಿಯನ್ನು ಅವಧಿಗೆ ಮುಂಚೆಯೇ ಮುರಿಸಿದ. ಆ ದಿನ ಸಂಘಕ್ಕೆ ಬಂದು ಸಹಿ ಹಾಕುವಾಗ ಅವಳ ಕೈಯಲ್ಲಿದ್ದ ಪುಸ್ತಕವನ್ನು ನಾನೇ ತೆಗೆದುಕೊಂಡೆ. ಮೊಬೈಲಿನ ಪರದೆಯಲ್ಲಿ ಅವನ ಹೆಸರಿಗೆ 61 ಸಾವಿರ ತೋರಿಸುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ಮೊದಲು ತೆರಿಗೆ ಕಟ್ಟಬೇಕು ಎಂದಾಗ ಅವನಿಗೆ ಅರ್ಥವಾಯಿತು. ಮೂವತ್ತೆಂಟು ಸಾವಿರ ಹೋಗಿತ್ತು.

ನಾಚಿಕೆಯಿಂದ ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ 1930ಕ್ಕೆ ಫೋನ್ ಮಾಡಿಸಿದೆವು. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದ ಕಡೆ ಹೋಗಿಬಿಟ್ಟಿತ್ತು. ಈ ಸಂಖ್ಯೆಯನ್ನು ನೀನು ಈಗಲೇ ಮೊಬೈಲಿನಲ್ಲಿ ಬರೆದಿಟ್ಟುಕೋ: 1930, ಸೈಬರ್ ವಂಚನೆಯ ಸಹಾಯವಾಣಿ. ಹಣ ಹೋದ ಗಂಟೆಯೊಳಗೆ ತಿಳಿಸಿದರೆ ಮುಂದಿನ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ತಪ್ಪಾಯಿತು ಎಂದು ಅನಿಸಿದ ಗಳಿಗೆಯೇ ಮನೆಗೆ ಹೇಳು. ದುಡ್ಡು ಕಳೆದುಕೊಂಡದ್ದಕ್ಕೆ ನಾನು ನಿನ್ನನ್ನು ಬಯ್ಯುವುದಿಲ್ಲ, ಮುಚ್ಚಿಟ್ಟರೆ ಬಯ್ಯುತ್ತೇನೆ.

ಆ ಹುಡುಗ ಪೆದ್ದನಲ್ಲ, ದುರಾಸೆಯವನೂ ಅಲ್ಲ. ನಾನೂ ಇದೇ ಹಳ್ಳಕ್ಕೆ ಬಿದ್ದವಳು. ತೊಂಬತ್ತರ ದಶಕದಲ್ಲಿ ಒಂದು ಖಾಸಗಿ ಫೈನಾನ್ಸ್, ಬ್ಯಾಂಕಿನ ಎರಡರಷ್ಟು ಬಡ್ಡಿ ಕೊಡುತ್ತೇವೆ ಎಂದಿತು. ಎಂಟು ಸಾವಿರ ಇಟ್ಟೆ. ಐದು ತಿಂಗಳು ತಾರೀಕು ತಪ್ಪದೆ ಬಡ್ಡಿ ಬಂತು. ಆರನೆಯ ತಿಂಗಳು ಹೋದರೆ ಬಾಗಿಲಿಗೆ ಬೀಗ. ಆಗ ಕಲಿತದ್ದು ಇಷ್ಟು: ಮೊದಲು ಸರಿಯಾಗಿ ದುಡ್ಡು ಬಂತು ಎಂಬುದು ನಂಬಿಕೆಗೆ ಆಧಾರವಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳವೂ ಆಗಿರಬಹುದು. ಗದ್ದೆಗೆ ಕರೆದವರು ಆಳಿನ ಕೈಯಿಂದ ಮುಂಗಡ ಕೇಳಿದ್ದನ್ನು ಯಾರಾದರೂ ಕಂಡಿದ್ದಾರೆಯೇ? ಕೆಲಸ ಕೊಡುತ್ತೇವೆ ಎಂದವರು ಒಂದು ರೂಪಾಯಿ ಕೇಳಿದರೂ ಅಲ್ಲಿಗೇ ಮಾತು ಮುಗಿಸು.

ಇದರ ಜತೆಗೇ ಮೂರು ವಿಷಯ ಗಟ್ಟಿಯಾಗಿ ಹಿಡಿದುಕೋ. ಯುಪಿಐ ಪಿನ್ ಒತ್ತುವುದು ದುಡ್ಡು ಕೊಡಲಿಕ್ಕೆ ಮಾತ್ರ. ಬಹುಮಾನ ಬರಬೇಕಾದರೆ ಪಿನ್ ಹಾಕು, ಕ್ಯೂಆರ್ ಸ್ಕ್ಯಾನ್ ಮಾಡು ಎಂದರೆ ಅದು ನಿನ್ನ ಗಂಟಿಗೆ ಹಾಕಿದ ಕೈ. ಎರಡನೆಯದು, ‘ನಿನ್ನ ಬ್ಯಾಂಕ್ ಖಾತೆ ನಾಲ್ಕು ದಿನ ಕೊಡು, ದುಡ್ಡು ಬಂದು ಹೋಗುತ್ತದೆ, ನಿನಗೆ ಕಮಿಷನ್’ ಎಂದು ಕಾಲೇಜು ಮಕ್ಕಳನ್ನು ಕೇಳುವವರಿದ್ದಾರೆ. ಮಲ್ಲಿಗೆಯ ಅಕ್ಕನ ದುಡ್ಡು ಹಾರಿಹೋದದ್ದು ಇಂಥ ಮಕ್ಕಳ ಖಾತೆಗಳ ಮೂಲಕವೇ. ಪೊಲೀಸರು ಮೊದಲು ಬಂದು ತಟ್ಟುವುದು ಆ ಖಾತೆಯವನ ಮನೆಬಾಗಿಲನ್ನು. ಮೂರನೆಯದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ಅದನ್ನು ನಿಷೇಧಿಸಿದೆ. ಕಾನೂನು ಬರುವ ಮೊದಲೇ ಎಷ್ಟು ಮನೆಗಳ ಪಿಗ್ಮಿ ಪುಸ್ತಕ ಅದಕ್ಕಾಗಿ ಮುಚ್ಚಿದವು ಎಂದು ನನ್ನಂಥವರನ್ನು ಕೇಳಬೇಕು.

ಹಾಗಾದರೆ ಮೊಬೈಲಿನಲ್ಲಿ ಪ್ರಾಮಾಣಿಕವಾಗಿ ಎರಡು ಕಾಸು ದುಡಿಯಲು ದಾರಿಯೇ ಇಲ್ಲವೇ ಎಂದು ಕೇಳುತ್ತಿ. ಇದೆ. ಬೆಂಗಳೂರಿನಲ್ಲಿ ಕಾರ್ಯ ಎಂಬ ಸಂಸ್ಥೆ ಇದೆ. ಕಂಪ್ಯೂಟರಿಗೆ ನಮ್ಮ ಭಾಷೆ ಕಲಿಸಲು ಬೇಕಾದ ಧ್ವನಿಯನ್ನು ಅದು ಸಂಗ್ರಹಿಸುತ್ತದೆ. ಹಳ್ಳಿಯ ಹೆಣ್ಣುಮಕ್ಕಳು ಮೊಬೈಲ್ ಹಿಡಿದು ಕನ್ನಡ ವಾಕ್ಯಗಳನ್ನು ಓದಿ ಧ್ವನಿ ಮುದ್ರಿಸಿ ಹಣ ಪಡೆದಿದ್ದಾರೆ. ಓದಿದ್ದಕ್ಕೆ ಕೂಲಿ. ಅವರು ಯಾರಿಗೂ ಮುಂಗಡ ಕಟ್ಟಲಿಲ್ಲ. ಅನುವಾದ, ಅಕ್ಷರ ಜೋಡಣೆ, ಆನ್‌ಲೈನ್ ಪಾಠ ಇವೆಲ್ಲ ಕೆಲಸಗಳೇ, ಕೂಲಿ ಕಡಿಮೆಯಿದ್ದರೂ ಮರ್ಯಾದೆಯವು. ಸಣ್ಣ ಕೆಲಸ ಎಂದು ಹೀಗಳೆಯುವವರ ಮಾತು ಕೇಳಬೇಡ. ದಿನಕ್ಕೆ ಹತ್ತು ಇಪ್ಪತ್ತು ಎತ್ತುವ ನಮ್ಮನ್ನೂ ಏಜೆಂಟರು, ನೌಕರರಲ್ಲ ಎಂದು ಬಹಳ ಕಾಲ ಹೊರಗೇ ಇಟ್ಟಿದ್ದರು. ಸಿಂಡಿಕೇಟ್ ಬ್ಯಾಂಕಿನ ಸಂಗ್ರಾಹಕರ ಮೊಕದ್ದಮೆಯಲ್ಲಿ ನಾವೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಆ ಸುದ್ದಿ ಬಂದ ದಿನ ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟದ್ದೇ ಬೇರೆ ರೀತಿ.

ಸಮೀಕ್ಷೆಗೆ ಉತ್ತರ ಕೊಟ್ಟು ಪಾಯಿಂಟು ಗಳಿಸುವ ಆ್ಯಪುಗಳ ಬಗ್ಗೆ ಕೇಳಿದ್ದೆ. ಕೆಲವು ನಿಜಕ್ಕೂ ಕೊಡುತ್ತವೆ. ಆದರೆ ವಯಸ್ಸು, ಸಂಬಳ, ಮನೆಮಂದಿ ಎಲ್ಲ ಕೇಳಿ ಮುಗಿಸಿ ‘ಈ ಸಮೀಕ್ಷೆಗೆ ನೀವು ಅರ್ಹರಲ್ಲ’ ಎನ್ನುವುದೂ ಉಂಟು, ನಿಗದಿತ ಮೊತ್ತ ತುಂಬುವವರೆಗೆ ಒಂದು ಪೈಸೆಯೂ ಕೈಗೆ ಬಾರದಿರುವುದೂ ಉಂಟು. ಒಂದು ವಾರ ಗಡಿಯಾರ ಇಟ್ಟುಕೊಂಡು ಮಾಡು. ಗಂಟೆಗೆ ಎಷ್ಟು ಬಿತ್ತು ಎಂದು ಭಾಗಿಸು. ಗಂಟೆಗೆ ಹನ್ನೆರಡು ರೂಪಾಯಿ ಬಂದರೆ, ಅದೇ ಗಂಟೆ ಕೆಳಗಿನ ಮನೆಯ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಡು.

ಇನ್ನು ಮನೆಯೊಳಗಿನ ಉಳಿತಾಯ. ಪಿಜಿ ಬಿಟ್ಟು ಗೆಳತಿಯರೊಂದಿಗೆ ಬಾಡಿಗೆ ಮನೆ ಮಾಡುತ್ತೇನೆ ಎಂದೆಯಲ್ಲ, ಆಗ ಬೇಕಾಗುತ್ತದೆ. ಕರೆಂಟಿನಿಂದಲೇ ತೊಡಗು. ಹಳೆಯ ಫ್ಯಾನು 75 ವ್ಯಾಟಿನಷ್ಟು ಎಳೆಯುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ ಒಂದೇ ಫ್ಯಾನಿನಲ್ಲಿ ಹದಿನಾರು ಯೂನಿಟ್ ವ್ಯತ್ಯಾಸ. 2,000 ವ್ಯಾಟಿನ ಗೀಸರು ಒಂದು ಗಂಟೆಗೆ ಎರಡು ಯೂನಿಟ್ ನುಂಗುತ್ತದೆ. ಸ್ವಿಚ್ ಹಾಕಿ ಮೊಬೈಲ್ ಹಿಡಿದು ಕೂತು ಮರೆಯುವ ಅಭ್ಯಾಸ ನಿನಗಿದೆ. ಗೃಹಜ್ಯೋತಿ ಇದೆಯಲ್ಲ ಎನ್ನಬೇಡ. ಅದರಲ್ಲಿ ಎಲ್ಲರಿಗೂ 200 ಯೂನಿಟ್ ಸಿಗುವುದಿಲ್ಲ, ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿರುತ್ತಾರೆ. ಮೇಲೆ ಹೋದದ್ದಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ನಿನ್ನದೇ. ಹೆಸರು, ಕಡಲೆ, ಅಲಸಂದೆ ರಾತ್ರಿ ನೆನೆಹಾಕಿದರೆ ಕುಕ್ಕರಿನ ನಾಲ್ಕು ಸೀಟಿ ಉಳಿಯುತ್ತದೆ. ಸಾಮಾನಿನ ಚೀಟಿ ಬರೆಯದೆ ಅಂಗಡಿಗೂ ಹೋಗಬೇಡ, ಆ್ಯಪನ್ನೂ ತೆರೆಯಬೇಡ. ಇವೆಲ್ಲ ನಿನ್ನ ಅಮ್ಮ ದಿನಾ ಮಾಡುವುದೇ, ಹೆಚ್ಚು ಹೇಳುವುದಿಲ್ಲ.

ಹೇಳಬೇಕಾದದ್ದು ಬೇರೆ. ಉಳಿಸಿದ ದುಡ್ಡು ಕಣ್ಣಿಗೆ ಕಾಣುವುದಿಲ್ಲ, ಅದೇ ತೊಂದರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ. ನನ್ನ ಗಿರಾಕಿಗಳಲ್ಲಿ ದಿನಾ ಬಸ್ಸು ಹತ್ತುವವರು ಹತ್ತಾರು ಜನ. ಆರು ತಿಂಗಳ ಮೇಲೆ ಒಬ್ಬೊಬ್ಬರನ್ನೇ ಕೇಳಿದೆ, ಟಿಕೆಟಿನ ದುಡ್ಡು ಎಲ್ಲಿ ಅಂತ. ಎಲ್ಲರೂ ‘ಹೌದಲ್ಲ, ಎಲ್ಲಿ ಹೋಯಿತು’ ಎಂದು ಯೋಚಿಸಿದರು. ಹಣ್ಣು ಮಾರುವ ಒಬ್ಬಾಕೆ ಮಾತ್ರ ಪುಸ್ತಕ ತೆಗೆದು ತೋರಿಸಿದಳು. ಹೋಗಿಬರುವ ಟಿಕೆಟಿಗೆ ಮೊದಲು ಕೊಡುತ್ತಿದ್ದ 48 ರೂಪಾಯಿಯನ್ನು 50 ಮಾಡಿ ಆ ಜೂನ್ ತಿಂಗಳಿನಿಂದಲೇ ಪಿಗ್ಮಿಗೆ ಸೇರಿಸುತ್ತ ಬಂದಿದ್ದಳು. ಬಸ್ಸು ಹತ್ತಿದವರೆಲ್ಲರಿಗೂ ಟಿಕೆಟಿನ ದುಡ್ಡು ಉಳಿಯಿತು. ಪುಸ್ತಕದಲ್ಲಿ ಸಿಕ್ಕಿದ್ದು ಇವಳೊಬ್ಬಳಿಗೆ.

ನೀನು ಮಾಡಬೇಕಾದ್ದೂ ಅದೇ. ಯುಪಿಐಗೆ ಜೋಡಿಸದ ಇನ್ನೊಂದು ಉಳಿತಾಯ ಖಾತೆ ಇರಲಿ. ಕಾರ್ಡಿನಲ್ಲಿ ಹನ್ನೊಂದು ಬಂತೇ, ಅಂದೇ ಹನ್ನೊಂದನ್ನು ಅಲ್ಲಿಗೆ ಕಳಿಸು. ತರಿಸೋಣ ಎಂದುಕೊಂಡ ಬಿರಿಯಾನಿ ಬಿಟ್ಟು ಮನೆಯಲ್ಲೇ ಅನ್ನ ಮಾಡಿದೆಯೇ, ಬಿರಿಯಾನಿಯ ದುಡ್ಡನ್ನು ಅಂದೇ ಅಲ್ಲಿಗೆ ಕಳಿಸು. ಕಳಿಸಿದ ಮೇಲಷ್ಟೇ ಅದನ್ನು ಉಳಿತಾಯ ಎನ್ನು.

ಹಾಗೆಂದು ಅಮ್ಮಂದಿರ ಸಾಸಿವೆ ಡಬ್ಬಿಯನ್ನು ನಾನು ಹಗುರವಾಗಿ ಕಾಣುವವಳಲ್ಲ. ಎಷ್ಟೋ ಮನೆಗಳಲ್ಲಿ ಹೆಂಗಸಿಗೆ ತನ್ನದು ಎನ್ನಲು ಇದ್ದದ್ದು ಅದೊಂದೇ. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದಾಗ ಆ ಡಬ್ಬಿಗಳೆಲ್ಲ ಒಟ್ಟಿಗೆ ಹೊರಬಿದ್ದವು. ಮಡಚಿ ಮಡಚಿ ಅಂಗೈ ರೇಖೆಯಷ್ಟು ಸಣ್ಣದಾದ ನೋಟುಗಳನ್ನು ಹಿಡಿದು, ಮನೆಯಲ್ಲಿ ಏನು ಹೇಳುವುದೆಂದು ತಿಳಿಯದೆ ನನ್ನೆದುರು ಅತ್ತವರಿದ್ದಾರೆ. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಡಬ್ಬಿಯಲ್ಲಿ ವಾರದ ಖರ್ಚಿನಷ್ಟು ಇರಲಿ, ಮಿಕ್ಕದ್ದು ನಿಮ್ಮ ಹೆಸರಿನ ಪುಸ್ತಕದಲ್ಲಿರಲಿ.

ಆ ಪುಸ್ತಕ ಎಲ್ಲಿಯದು ಎಂಬುದೂ ಮುಖ್ಯ. ನಾನು ದುಡಿದದ್ದು ಸಹಕಾರ ಸಂಘಕ್ಕೆ, ಅದರ ಅನ್ನ ಉಂಡಿದ್ದೇನೆ. ಆದರೂ ನಿನಗೆ ಸತ್ಯ ಹೇಳಬೇಕು. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಸಹಕಾರ ಸಂಘಕ್ಕೆ, ಸೊಸೈಟಿಗೆ ಅದು ಇಲ್ಲ. ಊರಿನಲ್ಲಿ ಇದ್ದುಕೊಂಡು, ಸಂಘದ ಲೆಕ್ಕಪತ್ರ, ಆಡಳಿತ ಮಂಡಳಿ ಗೊತ್ತಿದ್ದವರು ಕಟ್ಟಲಿ. ದೂರದ ಊರಿನಲ್ಲಿ ಒಬ್ಬಳೇ ಇರುವ ನಿನಗೆ ಅಂಚೆ ಕಚೇರಿಯ ಆರ್‌ಡಿ ಸಾಕು; ಆ ಉಳಿತಾಯ ಖಾತೆಯಲ್ಲಿ ಕೂಡಿದ್ದರಿಂದಲೇ ಅದರ ತಿಂಗಳ ಕಂತು ಕಟ್ಟು.

ತಿಂಗಳಿಗೆ ನೂರು ರೂಪಾಯಿಯಿಂದ ಕಟ್ಟಬಹುದು, ಐದು ವರ್ಷದ ಅವಧಿ. 2023ರ ಅಕ್ಟೋಬರ್‌ನಲ್ಲಿ ಬಡ್ಡಿ ಶೇ 6.7 ಮಾಡಿದರು. ಆ ದರದಲ್ಲಿ ತಿಂಗಳಿಗೆ ಸಾವಿರ ಕಟ್ಟಿದರೆ ಅರವತ್ತು ಸಾವಿರಕ್ಕೆ ಎಪ್ಪತ್ತೊಂದು ಸಾವಿರದ ಮೇಲೆ ಕೈಗೆ ಬರುತ್ತದೆ. ಸರ್ಕಾರ ದರವನ್ನು ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಖಾತೆ ತೆರೆಯುವ ದಿನ ಇರುವ ದರ ಕೇಳಿಕೋ. ಒಂದು ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಹನ್ನೆರಡು ಕಂತು ತುಂಬಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತದೆ. ಮೂರು ವರ್ಷ ಆಗುವವರೆಗೆ ಮುರಿಯಲು ಬಿಡುವುದಿಲ್ಲ. ಕೊನೆಯದನ್ನು ತೊಡಕು ಎಂದುಕೊಳ್ಳಬೇಡ, ನಾನು ನಿನಗೆ ಈ ಖಾತೆ ಹೇಳುತ್ತಿರುವುದೇ ಅದಕ್ಕಾಗಿ.

ಮಲ್ಲಿಗೆಯ ಅಕ್ಕ ಮತ್ತೆ ಹೊಸ ಪುಸ್ತಕ ಮಾಡಿಸಿದ್ದಾಳೆ. ಈಗ ಅವಳ ಬಾಗಿಲಿಗೆ ಹೋಗುವುದು ನನ್ನ ನಂತರ ಬಂದ ಹುಡುಗಿ, ಕೈಯಲ್ಲಿ ಚೀಟಿ ಮುದ್ರಿಸುವ ಯಂತ್ರ. ಮಗ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ್ದಾನೆ, ತಾಯಿಯ ಪುಸ್ತಕಕ್ಕೆ ದಿನಕ್ಕೆ ಐವತ್ತು ರೂಪಾಯಿ ಅವನೂ ಹಾಕುತ್ತಾನೆ.

ಬರುವ ಶನಿವಾರ ನಿನಗೆ ರಜೆ ಇದೆ. ಆಧಾರ್, ಪಾನ್ ಕಾರ್ಡ್, ಎರಡು ಫೋಟೋ ಹಿಡಿದುಕೊಂಡು ಬೆಳಿಗ್ಗೆಯೇ ಹತ್ತಿರದ ಅಂಚೆ ಕಚೇರಿಗೆ ಹೋಗು. ಮೊದಲ ಕಂತಿಗೆ ನೂರು ರೂಪಾಯಿ ಸಾಕು. ಪುಸ್ತಕ ಕೈಗೆ ಬಂದ ಕೂಡಲೇ ಮೊದಲ ಪುಟದ ಫೋಟೋ ತೆಗೆದು ನನಗೆ ಕಳಿಸು.

ನಿನ್ನ ದೊಡ್ಡಮ್ಮ